ಪ್ರಾಜೆಕ್ಟ್ ದಾಖಲೆಗಳನ್ನು ಎಲ್ಲಿ, ಹೇಗೆ ಇಡುತ್ತೀರಿ? (ಹಳೆ ಅಡಿಕೆ ಮಾಯವಾದ ಕಥೆ ಸಮೇತ)

ಬದಿಯಡ್ಕದವಳು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇಟ್ಟು ಓದಿ.

ಬದಿಯಡ್ಕ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಏಳು ಜನ ಇದ್ದೇವೆ. ಅಡಿಕೆ ವ್ಯಾಪಾರಿಗಳಿಗೆ ಬಿಲ್ಲು, ಸ್ಟಾಕು, ರೈತರ ಖಾತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಗಡಿಯ ಈಚೆ, ಕೇರಳದಲ್ಲಿ, ಪೆರ್ಲ, ಮುಳ್ಳೇರಿಯ, ಕುಂಬಳೆ. ಆಚೆ, ಕರ್ನಾಟಕದಲ್ಲಿ, ವಿಟ್ಲ, ಪುತ್ತೂರು, ಸುಳ್ಯ. ನಾನು ಹೆಸರಿಗೆ ಟೀಮ್ ಲೀಡ್. ಕೋಡ್ ಬರೆಯುವುದೂ ನಾನೇ, ಅಂಗಡಿಯವರ ಬೈಗುಳ ತಿನ್ನುವುದೂ ನಾನೇ.

ಕಳೆದ ತಿಂಗಳು ಆದದ್ದು ಕೇಳಿ. ನಮ್ಮ ಸ್ಟಾಕ್ ಟೇಬಲ್‌ನಲ್ಲಿ 'ಈಸ್ ಓಲ್ಡ್' ಅಂತ ಒಂದು ಕಾಲಂ ಉಂಟು. ಅಡಿಕೆ ಗೊತ್ತಿರುವವರಿಗೆ ಇದರಲ್ಲಿ ಕೇಳುವುದಕ್ಕೇ ಏನಿಲ್ಲ. ಚಾಲಿಯಲ್ಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಹೊಸ ಅಡಿಕೆ ಬೇರೆ, ಹಳೆ ಅಡಿಕೆ ಬೇರೆ, ರೇಟೂ ಬೇರೆ. ಆದರೆ ಹೊಸದಾಗಿ ಸೇರಿದ ಹುಡುಗ ಕಣ್ಣೂರು ಕಡೆಯವನು. ಅಡಿಕೆ ಮರ ನೋಡಿದ್ದಾನೆ, ಅಡಿಕೆ ವ್ಯಾಪಾರ ನೋಡಿಲ್ಲ. ಸ್ಟಾಕ್ ರಿಪೋರ್ಟ್ ತುಂಬಾ ನಿಧಾನ ಅಂತ ಅದನ್ನು ಸರಿಮಾಡಲು ಅವನಿಗೆ ಕೊಟ್ಟಿದ್ದೆ. 'ಈಸ್ ಓಲ್ಡ್' ಅಂದರೆ ಹಿಂದಿನ ಸಾಫ್ಟ್‌ವೇರಿನಿಂದ ತಂದು ಸುರಿದ ಹಳೇ ಸಾಲುಗಳು ಅಂತ ಅವನು ತಿಳಿದ. ಅವನ್ನು ತೋರಿಸುವುದು ಬೇಡ ಅಂತ ಒಂದೇ ಒಂದು ಸಾಲು ಸೇರಿಸಿದ. ರಿಪೋರ್ಟ್ ಚುರುಕಾಯಿತು. ನಾನೂ ಭೇಷ್ ಅಂದೆ. ಅದು ನನ್ನ ತಪ್ಪು.

ಮರುದಿನ ಬೆಳಿಗ್ಗೆ ಒಬ್ಬರು ವ್ಯಾಪಾರಿಯ ಫೋನು. "ಅಕ್ಕಾ, ನನ್ನ ಗೋಡೌನಿನಲ್ಲಿ ಹಳೆ ಅಡಿಕೆ 40 ಚೀಲ ಉಂಟು. ನಿಮ್ಮ ಕಂಪ್ಯೂಟರಿನಲ್ಲಿ ಒಂದೂ ಇಲ್ಲ. ರಾತ್ರಿ ಹೆಗ್ಗಣ ಬಂದಿತ್ತಾ?"

ಸರಿ, ಅದನ್ನು ಹತ್ತು ನಿಮಿಷದಲ್ಲಿ ತೆಗೆದೆವು. ಆದರೆ ಹುಡುಗನ ಮುಖ ನೋಡಲಿಕ್ಕಾಗಲಿಲ್ಲ. ಅವನದ್ದೇನು ತಪ್ಪು? ಎಲ್ಲಿಯೂ ಬರೆದಿರಲಿಲ್ಲ. ಅಲ್ಲ, ಬರೆದಿತ್ತು! ಆ ಕಾಲಮಿಗೆ ಹೆಸರಿಟ್ಟವ ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದ. ಹೋಗುವ ಮೊದಲು ಎಲ್ಲ ವಿವರ ಒಂದು ಡಾಕ್ಯುಮೆಂಟಿನಲ್ಲಿ ಬರೆದಿಟ್ಟಿದ್ದಾನೆ, ಪುಣ್ಯಾತ್ಮ. ಅದು ಗೂಗಲ್ ಡ್ರೈವ್‌ನಲ್ಲಿ, ಅವನ ಸ್ವಂತ ಖಾತೆಯಲ್ಲಿ ಉಂಟು. ತೆರೆಯಲು ಹೋದರೆ ಅನುಮತಿ ಕೇಳಿ ಅನ್ನುತ್ತದೆ. ಕೇಳಿದರೆ ಅದು ಅವನ ಫೋನಿಗೆ ಹೋಗುತ್ತದೆ. ಅವನು ಮದುವೆ ಓಡಾಟದಲ್ಲಿದ್ದ. ನಮ್ಮದೇ ಸಾಫ್ಟ್‌ವೇರಿನ ವಿವರ ನೋಡಲು ನಮಗೆ ಮೂರು ದಿನ ಹಿಡಿಯಿತು.

ಉಳಿದ ದಾಖಲೆಗಳ ಅವಸ್ಥೆಯೂ ಇಷ್ಟೇ. ವಾಟ್ಸಾಪ್ ಗ್ರೂಪುಗಳು ನಾಲ್ಕು. ವ್ಯಾಪಾರಿಗಳು ಏನು ಬೇಕು ಅಂತ ಹೇಳುವುದೆಲ್ಲ ವಾಯ್ಸ್ ಮೆಸೇಜಿನಲ್ಲಿ. ಡ್ರೈವ್‌ನಲ್ಲಿ 'ಬೇಡಿಕೆ ಫೈನಲ್', 'ಬೇಡಿಕೆ ಫೈನಲ್ 2', 'ಬೇಡಿಕೆ ನಿಜವಾದ ಫೈನಲ್' ಅಂತ ಮೂರು ಫೈಲು. ಇವುಗಳಲ್ಲಿ ಇತ್ತೀಚಿನದು ಎರಡನೆಯದು, ಯಾಕೆ ಅಂತ ಕೇಳಬೇಡಿ. ಕೆಲಸಗಳ ಪಟ್ಟಿ ಇಡುವ ಟ್ರೆಲ್ಲೊ ಬೋರ್ಡು ಒಂದು, ಅದನ್ನು ನೋಡುವವಳು ನಾನೊಬ್ಬಳೇ. ಕಂಪನಿ ಶುರುಮಾಡಿದ ಹಿರಿಯರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳು ಒಂದಷ್ಟು. ಮತ್ತೆ ನನ್ನ ಡೈರಿ.

ನಾನು ಪ್ರಯತ್ನ ಮಾಡಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಒಂದು ಟೆಂಪ್ಲೇಟು ತಂದು ವಿಕಿ ಮಾಡಿದ್ದೆ. ಪ್ರಾಜೆಕ್ಟ್ ಚಾರ್ಟರ್, ರಿಸ್ಕ್ ರಿಜಿಸ್ಟರ್, ಕಮ್ಯುನಿಕೇಶನ್ ಪ್ಲಾನ್ ಅಂತ 14 ಪುಟ. ಒಂದೇ ಕೋಣೆಯಲ್ಲಿ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿಯುವ ಏಳು ಜನರಿಗೆ ಕಮ್ಯುನಿಕೇಶನ್ ಪ್ಲಾನ್! ಎರಡು ಪುಟ ತುಂಬಿತು. ಉಳಿದ 12 ಇವತ್ತಿಗೂ 'ಇಲ್ಲಿ ಬರೆಯಿರಿ' ಅಂತ ಹಲ್ಲು ಕಿರಿಯುತ್ತಿವೆ.

ಚಿಕ್ಕ ಟೀಮಿನಲ್ಲಿ ಇರುವವರು ಹೇಳಿ. ಏನನ್ನು ಬರೆದಿಡುತ್ತೀರಿ, ಏನನ್ನು ಬಿಡುತ್ತೀರಿ? ಯಾರು ಬರೆಯುತ್ತಾರೆ? ಯಾವ ಭಾಷೆಯಲ್ಲಿ? ನಮ್ಮಲ್ಲಿ ಮೂವರು ಕನ್ನಡದವರು, ಮೂವರು ಮಲಯಾಳದವರು, ಒಬ್ಬ ಮನೆಯಲ್ಲಿ ತುಳು.

---

ಉಪ್ಪಳ ಎಕ್ಸ್‌ಪ್ರೆಸ್:

ದಾಖಲೆ ಇಡುವ ನೋಷನ್ ಆ್ಯಪ್ ಹಾಕಿ, ಮುಗಿಯಿತು. ನಮ್ಮಲ್ಲಿ ಮೊದಲು ಅಂಥದ್ದೇ ಕಾನ್‌ಫ್ಲುಯೆನ್ಸ್ ಇತ್ತು, ಈಗ ನೋಷನ್. ಸರ್ಚ್ ಚೆನ್ನಾಗಿದೆ. ಮತ್ತೆ ಅಜೈಲ್ (ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವೇ ಮಾಡಿ ತೋರಿಸುತ್ತಾ ಹೋಗುವ ಕ್ರಮ) ಮಾಡುವುದಾದರೆ ಇಷ್ಟೆಲ್ಲ ಡಾಕ್ಯುಮೆಂಟ್ ಬೇಕಾಗಿಯೇ ಇಲ್ಲ. ಸುಮ್ನೆ ತಲೆಬಿಸಿ ಮಾಡಿಕೊಳ್ಳಬೇಡಿ.

---

ಬದಿಯಡ್ಕದವಳು:

ಹಾಕಬಹುದು ಮಾರಾಯ್ರೇ. ಆದರೆ 'ಈಸ್ ಓಲ್ಡ್' ಅಂದರೆ ಅಡಿಕೆಯ ಪ್ರಾಯ ಅಂತ ನೋಷನ್ ತಾನಾಗಿ ಬರೆದುಕೊಳ್ಳುವುದಿಲ್ಲವಲ್ಲ. ನನ್ನ ಹಳೇ ವಿಕಿಯಲ್ಲೂ ಸರ್ಚ್ ಚೆನ್ನಾಗಿಯೇ ಇತ್ತು. ಹುಡುಕಿದರೆ ಸಿಗಲು ಒಳಗೆ ಏನೂ ಇರಲಿಲ್ಲ, ಅಷ್ಟೆ.

---

ಮುಳ್ಳೇರಿಯ ಮನೆಯಿಂದ:

ಅಕ್ಕಾ, ನಾನು ಬೆಂಗಳೂರಿನಲ್ಲಿ ಸುಮಾರು ವರ್ಷ ಇದ್ದು ಈಗ ಮುಳ್ಳೇರಿಯದ ಮನೆಯಲ್ಲೇ ಕೂತು ಕೆಲಸ ಮಾಡುವವ.

ಮೊದಲು ಮೇಲಿನವರ ಮಾತಿಗೆ. 2001ರ ಅಜೈಲ್ ಪ್ರಣಾಳಿಕೆಯಲ್ಲಿ ಬರೆಯಲೇಬೇಡಿ ಅಂತ ಎಲ್ಲಿಯೂ ಇಲ್ಲ. ಸಮಗ್ರ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಕೊಡುತ್ತೇವೆ ಅಂದಿದ್ದಾರೆ. ದಾಖಲೆಗೂ ಬೆಲೆ ಉಂಟು ಅಂತ ಅದರ ಕೆಳಗೇ ಬರೆದಿದ್ದಾರೆ. ಆ ಕೊನೆಯ ಸಾಲು ಯಾರೂ ಓದುವುದಿಲ್ಲ.

ಈಗ ನಿಮ್ಮ ವಿಷಯ. ಕೋಡ್ ಏನು ಮಾಡುತ್ತದೆ ಅಂತ ಕೋಡ್ ಓದಿದರೆ ಗೊತ್ತಾಗುತ್ತದೆ. ಯಾಕೆ ಹಾಗೆ ಮಾಡಿದೆವು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದು ಒಬ್ಬರ ತಲೆಯಲ್ಲಿ ಇರುತ್ತದೆ, ಆ ತಲೆ ಬೆಂಗಳೂರಿಗೆ ಬಸ್ಸು ಹತ್ತುತ್ತದೆ. ಹಾಗಾಗಿ ಎಲ್ಲದಕ್ಕಿಂತ ಮೊದಲು ನಿರ್ಧಾರಗಳನ್ನು ಬರೆದಿಡಿ. ಮೈಕೆಲ್ ನೈಗಾರ್ಡ್ ಎನ್ನುವವರು 2011ರಲ್ಲಿ ಇದಕ್ಕೊಂದು ಸರಳ ಕ್ರಮ ಹೇಳಿದರು. ಒಂದು ನಿರ್ಧಾರಕ್ಕೆ ಒಂದು ಚಿಕ್ಕ ಫೈಲು. ಮೇಲೆ ನಂಬರು ಮತ್ತು ಹೆಸರು. ಒಳಗೆ ಸಂದರ್ಭ ಏನಿತ್ತು, ಏನು ತೀರ್ಮಾನ ಮಾಡಿದೆವು, ಅದು ಈಗ ಚಾಲ್ತಿಯಲ್ಲಿದೆಯಾ, ಅದರಿಂದ ಏನಾಗುತ್ತದೆ. ಒಂದೆರಡು ಪುಟ ದಾಟಬಾರದು. ಇದನ್ನು ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಅಂತ ಕರೆಯುತ್ತಾರೆ.

ಹೇಳಿದರೆ ಅರ್ಥ ಆಗುವುದಿಲ್ಲ, ಬರೆದೇ ತೋರಿಸುತ್ತೇನೆ. ನಿಮ್ಮಲ್ಲಿ ಪೆರ್ಲದಲ್ಲೂ ವಿಟ್ಲದಲ್ಲೂ ಅಂಗಡಿ ಇರುವ ವ್ಯಾಪಾರಿಗಳು ಇರಬೇಕಲ್ಲ? ಅವರದ್ದು ಹೀಗೆ:

ನಿರ್ಧಾರ 7: ಒಬ್ಬರೇ ವ್ಯಾಪಾರಿಗೆ ಎರಡು ಖಾತೆ ಇರಬಹುದು.
ಸ್ಥಿತಿ: ಚಾಲ್ತಿಯಲ್ಲಿದೆ.
ಸಂದರ್ಭ: ಜಿಎಸ್‌ಟಿ ನೋಂದಣಿ ರಾಜ್ಯಕ್ಕೊಂದು. ಕೇರಳದ ನಂಬರು 32ರಿಂದ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಪೆರ್ಲದ ಗೋಡೌನಿನಿಂದ ವಿಟ್ಲದ ತನ್ನದೇ ಅಂಗಡಿಗೆ ಮಾಲು ಕಳಿಸಿದರೂ ಕಾನೂನಿನ ಲೆಕ್ಕದಲ್ಲಿ ಅದು ಬೇರೆಯವರಿಗೆ ಕೊಟ್ಟ ಹಾಗೆ. ಬಿಲ್ಲು ಬೇಕು, ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ) ಹಾಕಬೇಕು.
ತೀರ್ಮಾನ: ಜಿಎಸ್‌ಟಿ ನಂಬರಿಗೊಂದು ಖಾತೆ. ಮನುಷ್ಯನಿಗೊಂದಲ್ಲ.
ಪರಿಣಾಮ: ಹೆಸರು, ಫೋನು ಒಂದೇ ಅಂತ ಖಾತೆಗಳನ್ನು ಸೇರಿಸಬಾರದು. ವ್ಯಾಪಾರಿಗೆ ಒಟ್ಟು ಬಾಕಿ ನೋಡಬೇಕಾದರೆ ಬೇರೆ ರಿಪೋರ್ಟ್ ಮಾಡಬೇಕಾಗುತ್ತದೆ.

ಇಷ್ಟೇ. ಬರೆಯಲು ಕಾಲು ಗಂಟೆ. ಇದು ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬ ಹುಡುಗ ಬರುತ್ತಾನೆ. ಒಂದೇ ಹೆಸರು ಎರಡೆರಡು ಸಲ ಇದೆ ಅಂತ ಒಳ್ಳೆ ಮನಸ್ಸಿನಿಂದಲೇ ಎರಡನ್ನೂ ಸೇರಿಸಿಬಿಡುತ್ತಾನೆ. ಆಗ ಹೆಗ್ಗಣದ ಫೋನು ಬರುವುದಿಲ್ಲ, ಆಡಿಟರ್ ಫೋನು ಬರುತ್ತದೆ.

ಫೈಲನ್ನು ಡ್ರೈವ್‌ನಲ್ಲಿ ಇಡಬೇಡಿ. ಕೋಡ್ ಇರುವ ಗಿಟ್ ರೆಪೊದಲ್ಲೇ (ಪ್ರತಿ ಬದಲಾವಣೆಯೂ ದಾಖಲಾಗುವ ಜಾಗ) ಒಂದು ಫೋಲ್ಡರ್ ಮಾಡಿ ಮಾರ್ಕ್‌ಡೌನ್‌ನಲ್ಲಿ, ಅಂದರೆ ಸರಳ ಟೆಕ್ಸ್ಟ್ ಫೈಲಿನಲ್ಲಿ, ಬರೆಯಿರಿ. ಕೋಡ್ ಬದಲಾಯಿಸಿದಾಗ ಅದೇ ಪುಲ್ ರಿಕ್ವೆಸ್ಟಿನಲ್ಲಿ (ಬದಲಾವಣೆ ನೋಡಿ ಒಪ್ಪಿಕೊಳ್ಳಿ ಅಂತ ಕಳಿಸುವ ಕೋರಿಕೆ) ಇದೂ ಬರಲಿ. ಯಾರು, ಯಾವತ್ತು ಬರೆದರು ಅಂತ ಗಿಟ್ ನೆನಪಿಟ್ಟುಕೊಳ್ಳುತ್ತದೆ. ನಿರ್ಧಾರ ಬದಲಾದರೆ ಹಳೆಯದನ್ನು ಅಳಿಸಬೇಡಿ. 'ಇದರ ಬದಲು ನಿರ್ಧಾರ 19 ನೋಡಿ' ಅಂತ ಸ್ಥಿತಿ ಬದಲಾಯಿಸಿ. ಯಾಕೆಂದರೆ ಆರು ತಿಂಗಳ ಮೇಲೆ ಯಾರಾದರೂ ಅದೇ ಹಳೇ ಉಪಾಯವನ್ನು ಹೊಸತು ಅಂತ ತಂದೇ ತರುತ್ತಾರೆ.

ಮೀಟಿಂಗಿನ ವರದಿ ಬರೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಯಾರು ಏನು ಮಾತಾಡಿದರು ಅಂತ ಯಾರಿಗೂ ಬೇಡ.

---

ಟೆಸ್ಟರಮ್ಮ ಹೊಸಂಗಡಿ:

ಮೇಲಿನವರು ಹೇಳಿದ್ದು ಕೋಡ್ ಬರೆಯುವವರಿಗೆ ಸರಿ. ನಾನು ಟೆಸ್ಟಿಂಗ್ ಮಾಡುವವಳು, ನನ್ನ ಕಣ್ಣಿಗೆ ಬೇರೆಯೇ ಕಾಣುತ್ತದೆ. ಅಕ್ಕ, ನಿಮ್ಮಲ್ಲಿ ಕೆಟ್ಟದ್ದು ಒಂದು ಮಾತು. 'ಹಳೆ' ಅನ್ನುವ ಮಾತಿಗೆ ಅಂಗಡಿಯಲ್ಲಿ ಒಂದು ಅರ್ಥ, ಕಂಪ್ಯೂಟರ್ ಕಲಿತವನಿಗೆ ಇನ್ನೊಂದು ಅರ್ಥ. ನಿಮಗೆ ಮೊದಲು ಬೇಕಾದದ್ದು ಪದಪಟ್ಟಿ.

ನಾನು ಮೊದಲು ಇದ್ದ ಕಡೆಯೂ ಅಡಿಕೆ ಬಿಲ್ಲಿನ ಕೆಲಸ ಇತ್ತು. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪಯ್ಯನ್ನೂರಿನ ಹುಡುಗಿ ಒಂದು ದಿನ ಬಗ್ (ಸಾಫ್ಟ್‌ವೇರಿನಲ್ಲಿ ತಪ್ಪಿದೆ ಅನ್ನುವ ದೂರು) ಹಾಕಿದ್ದಳು: 'ಅಡಿಕೆ ಅಂಗಡಿಯ ಪಟ್ಟಿಯಲ್ಲಿ ನೀರುಳ್ಳಿ ಬರುತ್ತಿದೆ'. ನೋಡಿದರೆ ಅದು ಉಳ್ಳಿಗಡ್ಡೆ! ಮಲಯಾಳದಲ್ಲಿ ಉಳ್ಳಿ ಅಂದರೆ ನೀರುಳ್ಳಿ. ಅಡಿಕೆಯಲ್ಲಿ ಫಟೋರ, ಕರಿಗೋಟು ಇದ್ದ ಹಾಗೆ ಉಳ್ಳಿಗಡ್ಡೆಯೂ ಒಂದು ದರ್ಜೆ ಅಂತ ಅವಳಿಗೆ ಹೇಳಿದವರೇ ಇಲ್ಲ. ಬಗ್ ತಪ್ಪು, ಆದರೆ ಅವಳು ಕೇಳಿದ್ದು ಸರಿ.

ಪಟ್ಟಿ ದೊಡ್ಡದೇನೂ ಬೇಡ. ಅಂಗಡಿಯಲ್ಲಿ ಹೇಳುವ ಮಾತು, ಕೋಡ್‌ನಲ್ಲಿ ಅದಕ್ಕಿರುವ ಹೆಸರು, ಒಂದು ಸಾಲಿನ ಅರ್ಥ, ಮತ್ತೆ ಯಾವುದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅಂಗಡಿಯ ಮಾತನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಅರ್ಥ ಇಂಗ್ಲಿಷಿನಲ್ಲಿ ಇದ್ದರೆ ಏಳೂ ಜನ ಓದುತ್ತಾರೆ. ಇದರಲ್ಲಿ ಭಾಷಾಭಿಮಾನ ತರಬೇಡಿ. ಆದರೆ ಅಡಿಕೆಯ ಹೆಸರನ್ನು ಮಾತ್ರ ಇಂಗ್ಲಿಷಿಗೆ ಎಳೆಯಬೇಡಿ. 'ಓಲ್ಡ್' ಅಂತ ಬರೆದದ್ದರಿಂದಲೇ ಇಷ್ಟಾಯಿತು. ಕಾಲಮಿಗೆ 'ಹಳೆ ಅಡಿಕೆ' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದರೆ ಹುಡುಗ ಇದೇನು ಅಂತ ಕೇಳುತ್ತಿದ್ದ. ಅರ್ಥ ಆಗದ ಹೆಸರು ಕಂಡರೆ ಯಾರಾದರೂ ಕೇಳುತ್ತಾರೆ, ತಪ್ಪು ಅರ್ಥ ಕೊಡುವ ಹೆಸರು ಕಂಡರೆ ಕೇಳುವುದಿಲ್ಲ.

ಇನ್ನೊಂದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಡೇಟಾಬೇಸ್‌ಗಳಲ್ಲಿ ಕಾಲಮಿಗೇ ಕಮೆಂಟ್ ಬರೆದಿಡಬಹುದು. ಟೇಬಲ್ ತೆರೆದು ನೋಡುವವನಿಗೆ ಅಲ್ಲೇ ಕಾಣುತ್ತದೆ. ಅವನು ಡ್ರೈವ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನುಡಿಯ ಫೈಲುಗಳ ಬಗ್ಗೆ: ಹಳೇ ನುಡಿ ಫಾಂಟಿನಲ್ಲಿ ಇರುವುದನ್ನು ಕಂಪ್ಯೂಟರ್ ಕನ್ನಡ ಅಂತ ಓದುವುದಿಲ್ಲ, ಅದರ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೇ ಸರ್ಚ್ ಮಾಡಿದರೆ ಸಿಗುವುದಿಲ್ಲ. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಂಟು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಮ್ಮೆ ಕಣ್ಣಾಡಿಸಿ.

---

ಹೊಸೂರಿನ ಹಳಬ:

ಮೇಡಂ, ನಾನು ಸಾಫ್ಟ್‌ವೇರಿನವನಲ್ಲ. ತಮಿಳುನಾಡಿನ ಹೊಸೂರಿನಲ್ಲಿ ಒಂದು ಕಾರ್ಖಾನೆಯಲ್ಲಿ ಡಾಕ್ಯುಮೆಂಟ್ ಕಂಟ್ರೋಲ್ ನೋಡಿಕೊಳ್ಳುತ್ತಿದ್ದೆ, ಈಗ ರಿಟೈರ್ಡ್. ಮಗ ಈ ಲಿಂಕ್ ಕಳಿಸಿದ. ಓದಿ ನಗು ಬಂತು. ನಿಮ್ಮ ಮೂರು ಫೈನಲ್ ಕಥೆ ನಮ್ಮಲ್ಲೂ ಇತ್ತು, ಕಬ್ಬಿಣದಲ್ಲಿ.

ಒಂದು ಡ್ರಾಯಿಂಗು ಬದಲಾಯಿತು, ತೂತಿನ ಅಳತೆ ಬೇರೆ ಆಯಿತು. ಹೊಸ ಡ್ರಾಯಿಂಗು ಫೈಲಿನಲ್ಲಿ ನೀಟಾಗಿ ಸೇರಿಸಿದೆವು, ರಿಜಿಸ್ಟರಿನಲ್ಲಿ ಸಹಿಯೂ ಆಯಿತು. ಆದರೆ ಮೆಷಿನ್ ಪಕ್ಕದ ಬೀರುವಿನ ಬಾಗಿಲ ಒಳಗೆ ಆಪರೇಟರ್ ಹಳೆಯದನ್ನು ಸೆಲೊಟೇಪ್ ಹಾಕಿ ಅಂಟಿಸಿಕೊಂಡಿದ್ದ. ರಾತ್ರಿ ಪಾಳಿಯಲ್ಲಿ ಅವನು ನೋಡಿದ್ದು ಅದನ್ನೇ. ಬೆಳಿಗ್ಗೆ ಹೋದರೆ ಒಂದು ಟ್ರಾಲಿ ಪೂರ್ತಿ ಸ್ಕ್ರ್ಯಾಪು.

ಅವತ್ತಿನಿಂದ ನನಗೆ ಹೊಸ ಕಾಗದ ಕೊಡುವುದು ಅರ್ಧ ಕೆಲಸ ಮಾತ್ರ. ಹಳೆಯದನ್ನು ಕೈಯಿಂದ ವಾಪಸು ತೆಗೆದುಕೊಳ್ಳುವುದು ಇನ್ನರ್ಧ. ಐಎಸ್‌ಒ 9001 ಅನ್ನುವ ಗುಣಮಟ್ಟದ ಮಾನದಂಡದ 2008ರ ಆವೃತ್ತಿ ಕೂಡ ಹಳತಾದ ದಾಖಲೆ ತಪ್ಪಿ ಬಳಕೆಗೆ ಬಾರದ ಹಾಗೆ ನೋಡಿಕೊಳ್ಳಿ ಅನ್ನುತ್ತಿತ್ತು. ಇಡಲೇಬೇಕು ಅಂದರೆ ಅದರ ಮೇಲೆ ದೊಡ್ಡದಾಗಿ ಸೀಲು ಹೊಡೆದು ಬೇರೆ ಕಡೆ ಇಡಬೇಕು. ನೀವು ಇವತ್ತೇ ಆ ಮೂರು ಫೈನಲ್‌ನಲ್ಲಿ ಎರಡನ್ನು ಕಣ್ಣಿಂದ ದೂರ ಮಾಡಿ. 'ಇಲ್ಲಿ ಬರೆಯಿರಿ' ಅನ್ನುವ 12 ಪುಟಗಳನ್ನೂ ತೆಗೆಯಿರಿ. ಖಾಲಿ ಪುಟ ನೋಡಿ ನೋಡಿ ಜನರಿಗೆ ಆ ಜಾಗದ ಮೇಲೇ ನಂಬಿಕೆ ಹೋಗುತ್ತದೆ.

ಯಾರು ಬರೆಯಬೇಕು ಅಂತ ಕೇಳಿದ್ದೀರಿ. ನಮ್ಮಲ್ಲಿ ಹಳಬರಿಗೆ ಬರೆಯಿರಿ ಅಂದರೆ ಬರೆಯುತ್ತಿರಲಿಲ್ಲ. ಬರೆದರೂ ಅವರಿಗೆ ಗೊತ್ತಿದ್ದದ್ದನ್ನು ಬಿಟ್ಟೇ ಬರೆಯುತ್ತಿದ್ದರು. ಅದನ್ನೆಲ್ಲ ಏನು ಬರೆಯುವುದು, ಗೊತ್ತಿರುವುದೇ ಅಲ್ವಾ ಅಂತ. ಹೊಸದಾಗಿ ಬಂದ ಟ್ರೈನಿ ಬಂದು ಏನಾದರೂ ಕೇಳಿದರೆ ಬಾಯಲ್ಲಿ ಹೇಳುತ್ತಿದ್ದೆವು. ಅವನೇ ಹೋಗಿ ಅದನ್ನು ಬರೆದುಕೊಂಡು ಬರಬೇಕು, ಹಳಬ ಓದಿ ಸಹಿ ಹಾಕಬೇಕು. ಕೇಳಿದವನ ಕೈಯಲ್ಲೇ ಬರೆಸಿ ಮೇಡಂ. ಎಲ್ಲಿ ಎಡವುತ್ತದೆ ಅಂತ ಅವನಿಗೆ ಮಾತ್ರ ಗೊತ್ತು. ಪ್ರತಿ ಪುಟಕ್ಕೂ ಒಬ್ಬನ ಹೆಸರಿರಲಿ. 'ಟೀಮ್' ಅಂತ ಬರೆದರೆ ಯಾರದ್ದೂ ಅಲ್ಲ.

---

ಉಪ್ಪಳ ಎಕ್ಸ್‌ಪ್ರೆಸ್:

ಸರಿ, ಸೋತೆ. ನಮ್ಮ ನೋಷನ್ ಈಗ ತೆರೆದು ನೋಡಿದೆ. 'ಹೊಸಬರು ಮೊದಲು ಓದಿ' ಅನ್ನುವ ಪುಟದಲ್ಲಿ ಬಿಟ್ಟುಹೋದವರ ಫೋನ್ ನಂಬರು ಉಂಟು. ಹೋದವರು ಇಬ್ಬರು, ಇಬ್ಬರ ನಂಬರೂ ಅಲ್ಲೇ ಉಂಟು.

---

ಬದಿಯಡ್ಕದವಳು:

ಮೂರು ವಾರ ಆಯಿತು. ಎಲ್ಲರಿಗೂ ಒಂದೊಂದಾಗಿ ಉತ್ತರ ಬರೆಯಲು ಆಗಲಿಲ್ಲ, ಬೇಜಾರು ಮಾಡಬೇಡಿ. ಮಳೆ ಜೋರು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ.

ಮೊದಲು ಹೊಸೂರಿನ ಸರ್ ಹೇಳಿದ್ದು ಮಾಡಿದೆ, ಯಾಕೆಂದರೆ ಅದೇ ಸುಲಭ. 12 ಖಾಲಿ ಪುಟ ಅಳಿಸಿದೆ. ಏನು ಖುಷಿ ಅಂತೀರಿ! ಮೂರು ಫೈನಲ್‌ಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ ಸಾಲು ಸಾಲಾಗಿ ಓದಿದೆವು. ಎರಡು ಕಡೆ ಒಂದಕ್ಕೊಂದು ತದ್ವಿರುದ್ಧ ಬರೆದಿತ್ತು. ಗೋಣಿಚೀಲದ ತೂಕ ಕಳೆಯುವುದನ್ನು ಒಂದರಲ್ಲಿ ಚೀಲಕ್ಕೆ ಇಷ್ಟು ಅಂತ ಬರೆದರೆ, ಇನ್ನೊಂದರಲ್ಲಿ ಅಂಗಡಿಯವರು ಹೇಳಿದಷ್ಟು ಅಂತ ಉಂಟು. ಸಾಫ್ಟ್‌ವೇರ್ ಇವೆರಡನ್ನೂ ಮಾಡುತ್ತಿರಲಿಲ್ಲ, ಅದು ಬೇರೆ ಕಥೆ. ಡ್ರೈವ್‌ನಲ್ಲಿ ಇದ್ದದ್ದನ್ನೆಲ್ಲ ಕಂಪನಿಯ ಶೇರ್ಡ್ ಡ್ರೈವಿಗೆ ತಂದೆವು. ಅಲ್ಲಿ ಫೈಲು ಕಂಪನಿಯದ್ದು, ಬರೆದವನದ್ದಲ್ಲ. ಇನ್ನು ಯಾರ ಮದುವೆಗೂ ನಾವು ಕಾಯಬೇಕಾಗಿಲ್ಲ.

ನಿರ್ಧಾರದ ಫೈಲು 11 ಆಗಿವೆ. 7ನೆಯದಕ್ಕೆ ಮುಳ್ಳೇರಿಯದವರ ನಮೂನೆಯನ್ನೇ ಹಾಗೇ ಇಟ್ಟುಕೊಂಡಿದ್ದೇವೆ, ನಮ್ಮ ವ್ಯಾಪಾರಿಗೆ ಅದು ಸರಿಯಾಗಿ ಹೊಂದುತ್ತದೆ. ಆಡಿಟರ್ ಅದನ್ನು ಓದಿ ಒಂದು ಸಾಲು ಸೇರಿಸಿದರು. ಸಾಫ್ಟ್‌ವೇರ್ ದಾಖಲೆಯನ್ನು ಆಡಿಟರ್ ಓದಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಪದಪಟ್ಟಿಯನ್ನು ಹೊಸ ಹುಡುಗನ ಕೈಯಲ್ಲೇ ಬರೆಸಿದೆ. ಮೊದಲು ಮುಖ ಸಪ್ಪೆ ಮಾಡಿದ, ಶಿಕ್ಷೆ ಅಂತ ತಿಳಿದನೋ ಏನೋ. ಅದಕ್ಕೆ ಅವನನ್ನು ಆ ಹೆಗ್ಗಣದ ವ್ಯಾಪಾರಿಯ ಗೋಡೌನಿಗೇ ಕರೆದುಕೊಂಡು ಹೋದೆ. ಅವರು ಬೈಯುತ್ತಾರೆ ಅಂತ ಇಬ್ಬರೂ ಹೆದರಿದ್ದೆವು. ಅವರು ಚೀಲದಿಂದ ಹೊಸದೊಂದು, ಹಳೆಯದೊಂದು ಅಡಿಕೆ ತೆಗೆದು ಅವನ ಎರಡು ಅಂಗೈಯಲ್ಲಿ ಇಟ್ಟರು. ಆಮೇಲೆ ಎರಡನ್ನೂ ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ತೋರಿಸಿದರು. ಹುಡುಗ ನಾಲ್ಕು ಹೋಳುಗಳನ್ನೂ ಬಿಲ್ ಬುಕ್ಕಿನ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದ. ಈಗ ಪದಪಟ್ಟಿಯಲ್ಲಿ ಹಳೆ ಅಡಿಕೆಯ ಸಾಲಿನ ಮುಂದೆ ಆ ಫೋಟೋ ಉಂಟು. ಫಟೋರ, ಕರಿಗೋಟು, ಉಳ್ಳಿಗಡ್ಡೆಗೂ ಫೋಟೋ ಬಂದಿದೆ. ಉಳ್ಳಿಗಡ್ಡೆಯ ಮುಂದೆ 'ನೀರುಳ್ಳಿ ಅಲ್ಲ' ಅಂತ ಮಲಯಾಳದಲ್ಲಿ ಬರೆದಿದ್ದಾನೆ, ಟೆಸ್ಟರಮ್ಮನ ಕೃಪೆ. ಒಟ್ಟು 62 ಮಾತು ಆಗಿವೆ. ನನಗೇ ಗೊತ್ತಿಲ್ಲದ ಮೂರು ಇದ್ದವು.

'ಈಸ್ ಓಲ್ಡ್' ಹೆಸರು ಬದಲಾಯಿಸಲು ಹೊರಟೆವು. ಅದು 23 ಕಡೆ ಬಳಕೆಯಲ್ಲಿ ಉಂಟು. ಮಳೆಗಾಲ ಮುಗಿಯಲಿ ಅಂತ ಸದ್ಯಕ್ಕೆ ಕಾಲಮಿಗೆ ಕಮೆಂಟ್ ಮಾತ್ರ ಹಾಕಿದ್ದೇವೆ.

ಆಗದೇ ಹೋದದ್ದೂ ಹೇಳಬೇಕಲ್ಲ. ಶುಕ್ರವಾರ ಸಂಜೆ ಒಂದು ಗಂಟೆ ಎಲ್ಲರೂ ಕೂತು ಬರೆಯುವುದು ಅಂತ ನಾನೇ ಒಂದು ನಿಯಮ ಮಾಡಿದ್ದೆ. ಮೊದಲ ವಾರ ಐದು ಜನ ಕೂತೆವು. ಎರಡನೇ ವಾರ ಇಬ್ಬರು. ಮೂರನೇ ವಾರ ನಾನೂ ಇರಲಿಲ್ಲ, ಕುಂಬಳೆಯಲ್ಲಿ ಪ್ರಿಂಟರ್ ಹಾಳಾಗಿತ್ತು. ಅದನ್ನು ಕೈಬಿಟ್ಟೆ. ಪುಲ್ ರಿಕ್ವೆಸ್ಟ್ ಜೊತೆಗೇ ಬರೆಯುವುದು ಮಾತ್ರ ನಡೆಯುತ್ತಿದೆ, ಅದೂ ಬರೆಯದಿದ್ದರೆ ನಾನು ಒಪ್ಪುವುದಿಲ್ಲ ಅಂತ ಹಟ ಹಿಡಿದದ್ದರಿಂದ.

ಒಂದು ಮಾತ್ರ ಬಾಕಿ. ವ್ಯಾಪಾರಿಗಳ ವಾಯ್ಸ್ ಮೆಸೇಜಿಗೆ ಯಾರಲ್ಲಾದರೂ ದಾರಿ ಉಂಟಾ? ಬರೆದು ಕಳಿಸಿ ಅಂದರೆ ಕಳಿಸುವುದಿಲ್ಲ. ಈಗ ನಾವೇ ಕೇಳಿ, ಒಂದೆರಡು ಸಾಲು ಬರೆದು, 'ನೀವು ಹೇಳಿದ್ದು ಇದೇ ಅಲ್ವಾ' ಅಂತ ವಾಪಸು ಕಳಿಸುತ್ತಿದ್ದೇವೆ. ಅವರು ಹೆಬ್ಬೆಟ್ಟು ಒತ್ತಿದರೆ ಅದನ್ನೇ ಬೇಡಿಕೆ ಅಂತ ತೆಗೆದುಕೊಳ್ಳುತ್ತೇವೆ. ಆದರೆ ಕೇಳುವ ಹೊತ್ತು ಉಳಿಯುವುದಿಲ್ಲವಲ್ಲ. ನಿನ್ನೆ ಒಬ್ಬರು ನಾಲ್ಕು ನಿಮಿಷದ್ದು ಕಳಿಸಿದ್ದಾರೆ. ಅದರಲ್ಲಿ ಮೂರು ನಿಮಿಷ ತೋಟಕ್ಕೆ ಕೊಳೆರೋಗದ ಮದ್ದು ಬಿಡಲು ಜನ ಸಿಗುತ್ತಿಲ್ಲ ಅಂತ. ಬಿಲ್ಲಿನಲ್ಲಿ ಏನು ಬದಲಾಗಬೇಕು ಅಂತ ಹೇಳುವ ಹೊತ್ತಿಗೆ ಸರಿಯಾಗಿ ಹಂಚಿನ ಮೇಲೆ ಮಳೆ ಸುರಿದಿದೆ, ಒಂದಕ್ಷರ ಕೇಳುವುದಿಲ್ಲ.